ಮೂಳೆ ಮುರಿಯಬಾರದ ಊಟ

ನಾನು ಚಿಕ್ಕವನಿದ್ದಾಗ, ಯಲಹಂಕದ ನಮ್ಮ ಮನೆಯ ಹಿತ್ತಲಿಗೆ ಒಂದು ಬೆಳಿಗ್ಗೆ ಮಟನ್ ಅಂಗಡಿಯ ಚಾಚಾ ಬಂದರು. ಆಡೂ ಬಂತು. ಆದರೆ ಮಚ್ಚಿನ ಸದ್ದು ಮಾತ್ರ ಕೇಳಿಸಲೇ ಇಲ್ಲ.

ಅದು ನನ್ನ ತಂಗಿಯ ಅಖೀಖಾ. ಮಗು ಹುಟ್ಟಿದ ಏಳನೆಯ ದಿನ ಅದರ ಹೆಸರಿನಲ್ಲಿ ಆಡನ್ನು ಬಲಿ ಕೊಟ್ಟು, ಮಾಂಸವನ್ನು ಬಡವರಿಗೂ ನೆಂಟರಿಗೂ ನೆರೆಯವರಿಗೂ ಹಂಚುವ ಪದ್ಧತಿ ನಮ್ಮದು. ತಂಗಿ ದಿನ ತುಂಬುವ ಮೊದಲೇ ಹುಟ್ಟಿದ್ದಳು. ಅವಳ ಕಾಲುಗಳು ನುಗ್ಗೇಕಾಯಿಯಂತಿದ್ದವು. ದಾದಿ, ಅಂದರೆ ನಮ್ಮ ಅಜ್ಜಿ, ಎಣ್ಣೆ ಹಚ್ಚುವಾಗ ಅವನ್ನು ಬೆರಳ ತುದಿಯಲ್ಲಷ್ಟೇ ಮುಟ್ಟುತ್ತಿದ್ದರು. ಆಡಿನ ಒಂದು ಮೂಳೆಯೂ ಮುರಿಯದಿದ್ದರೆ ಮಗುವಿನ ಕೈಕಾಲು ಗಟ್ಟಿಯಾಗುತ್ತವೆ ಎಂದು ಅವರು ನಂಬಿದ್ದರು. ಎಲ್ಲರೂ ಹಾಗೆ ನಂಬುವುದಿಲ್ಲವೆಂದು ಮುಂದೆ ಓದಿ ತಿಳಿದೆ. ಅಂದು ಮಾತ್ರ ನಾನು ಪೂರ್ತಿ ನಂಬಿದ್ದೆ.

ಅಬ್ಬಾ, ಅಂದರೆ ನಮ್ಮ ಅಪ್ಪ, ತಂಗಿಯ ಹೆಸರು ಹೇಳಿ ದುವಾ ಓದಿದರು. ಬಲಿಯಾದ ಮೇಲೆ ಚಾಚಾ ಸಣ್ಣ ಚೂರಿಯಿಂದ ಒಂದೊಂದೇ ಕೀಲನ್ನು ಹುಡುಕಿ ಬಿಡಿಸತೊಡಗಿದರು. ಚಿಲಕ ತೆಗೆದಂತೆ ಕೀಲುಗಳು ಸದ್ದಿಲ್ಲದೆ ತೆರೆದುಕೊಂಡವು. ಒಂದು ದೇಹ ಇಷ್ಟು ನಾಜೂಕಾಗಿ ಜೋಡಣೆಯಾಗಿರುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ಚಾಚಾನ ಪಕ್ಕದಲ್ಲೇ ಕುಕ್ಕರಿಸಿ ನೋಡಿದೆ.

ಬಡವರ ಪಾಲು ಮೊದಲು ಹೊರಟಿತು. ಮಧ್ಯಾಹ್ನ ಲವಂಗ, ಪುದೀನದ ಘಮದ ನಡುವೆ ಪಕ್ಕದ ಮನೆಯ ಗೌಡರು ಊಟಕ್ಕೆ ಕುಳಿತರು. ಅವರಿಗೆ ನಲ್ಲಿ ಮೂಳೆಯೆಂದರೆ ಪ್ರಾಣ. ಹಲ್ಲಿನಲ್ಲೇ ಕಟಕ್ಕನೆ ಒಡೆದು ಒಳಗಿನ ಮಜ್ಜೆಯನ್ನು ಹೀರಿದರೇ ಅವರ ಊಟ ಮುಗಿದಂತೆ.

"ಏನ್ ಸಾಬ್ರೇ, ಇವತ್ತು ಇಡೀ ಮೂಳೇನೇ ಬಡಿಸ್ಬುಟ್ಟಿದ್ದೀರಿ! ನನ್ ಅಲ್ಲು ಇನ್ನೂ ಗಟ್ಟಿಯಾಗೈತೆ, ನೋಡ್ತಾ ಇರಿ!"

ಅಬ್ಬಾನ ಮುಖ ಬಿಳಿಚಿತು. ಉಣ್ಣುತ್ತಿರುವ ಅತಿಥಿಗೆ ಹೀಗೆ ತಿನ್ನಬೇಡಿ ಎನ್ನುವುದು ಹೇಗೆ? ಮೂಳೆ ಹಲ್ಲಿನ ಹತ್ತಿರ ಹೋಯಿತು. ಆಗ, ಹೊರಗಿನ ಗಂಡಸರ ಮುಂದೆ ಎಂದೂ ದನಿಯೆತ್ತದ ದಾದಿ ಪರದೆಯ ಹಿಂದಿನಿಂದ ತಮ್ಮ ಹರಕು ಕನ್ನಡದಲ್ಲಿ ಹೇಳಿದರು:

"ಗೌಡ್ರೇ, ಮುರೀಬೇಡಿ. ಅದು ನಮ್ದು ಕೂಸಿಂದು ಕಾಲು."

ಗೌಡರ ಕೈ ಅಲ್ಲೇ ನಿಂತಿತು. ಅಬ್ಬಾ ತಡವರಿಸುತ್ತ ವಿಷಯ ತಿಳಿಸಿದರು.

"ಮೊದ್ಲೇ ಏಳ್ಬಾರ್ದಾ ಸಾಬ್ರೇ? ಮೂಳೆ ಕಡೀದಿದ್ರೆ ಊಟ ಸೇರಲ್ಲ ಅನ್ನಕ್ಕೆ ನಾನೇನ್ ನಾಯಿನಾ?"

ಹಾಗೆಂದವರು, ನಿದ್ದೆಹೋದ ಮಗುವನ್ನು ಮಲಗಿಸುವಂತೆ, ಎರಡೂ ಕೈಯಿಂದ ಆ ಮೂಳೆಯನ್ನು ತಟ್ಟೆಯಲ್ಲಿಟ್ಟರು. ಸಂಜೆ, ತಮ್ಮ ಹಿತ್ತಲಿನ ಮಣ್ಣು ಮೆತ್ತಗಿದೆಯೆಂದು ಅವರೇ ಸೀಬೆ ಮರದ ಬುಡದಲ್ಲಿ ಗುಂಡಿ ತೋಡಿದರು. ಮುರಿಯದ ಮೂಳೆಗಳನ್ನೆಲ್ಲ ಅಲ್ಲಿ ಹೂತೆವು.

ದಾದಿ ಮಾತಾಡಲೇ ಇಲ್ಲ, ಪರದೆ ಅಲುಗಿತಷ್ಟೇ, ಹೇಳಿದ್ದು ಅಬ್ಬಾ ಎನ್ನುತ್ತಾಳೆ ನನ್ನ ಅಕ್ಕ. ಅವಳ ನೆನಪೇ ಸರಿಯಿರಬಹುದು. ಆದರೆ ಆ ದನಿ ನನ್ನ ಕಿವಿಯಲ್ಲಿ ಇನ್ನೂ ಇದೆ. ಏನು ಮಾಡಲಿ?

ಮೊಮ್ಮಕ್ಕಳೇ, ನಿಮ್ಮ ಪುಟ್ಟ ತಮ್ಮನ ಅಖೀಖಾ ಫೋನಿನಲ್ಲಿ ದುಡ್ಡು ಕಟ್ಟುವುದರಲ್ಲೇ ಮುಗಿಯಿತು. ಮಾಂಸ ಡಬ್ಬಿಗಳಲ್ಲಿ ಬಂತು, ಆಡನ್ನು ನೀವು ನೋಡಲೇ ಇಲ್ಲ. ಬಡವರ ಪಾಲು ಬಡವರಿಗೆ ತಲುಪಿತು, ಅದು ದೊಡ್ಡದು. ಆ ಸೀಬೆ ಮರವೂ ಈಗಿಲ್ಲ. ಆದರೆ ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟ್ ಕೆಟ್ಟಾಗ ನೀವೆಲ್ಲ ಏದುಸಿರು ಬಿಡುತ್ತ ಮೆಟ್ಟಿಲ ಮೇಲೆ ಕೂತುಬಿಡುತ್ತೀರಲ್ಲ, ಆಗ ನಿಮ್ಮನ್ನು ದಾಟಿ, ಎರಡೂ ಕೈಯಲ್ಲಿ ತರಕಾರಿ ಚೀಲ ಹಿಡಿದು, ನಗುತ್ತ ಮೇಲೆ ಹತ್ತಿ ಹೋಗುವ ಚಿಕ್ಕಜ್ಜಿ ಇದ್ದಾಳಲ್ಲ?

ಅವಳೇ ಆ ಕೂಸು.