ಕೆನ್ನೆಯ ಮೇಲಿನ ಹಸಿರು

ಸುಳ್ಯ ಪೇಟೆಯ ಹೈದರನ ಸ್ಟುಡಿಯೋದಲ್ಲಿ ಕಪ್ಪು-ಬಿಳುಪು ಫೋಟೋಗಳಿಗೆ ಕೈಯಿಂದ ಬಣ್ಣ ಹಾಕುತ್ತಿದ್ದವಳು ಶೀಲಾವತಿ. ಕಡ್ಡಿಗೆ ಹತ್ತಿ ಸುತ್ತಿ ಬಣ್ಣದಲ್ಲಿ ಅದ್ದಿ, ಕೆನ್ನೆಗೆ ಗುಲಾಬಿ, ತುಟಿಗೆ ಕೆಂಪು, ಬೆಂಡೋಲೆಗೆ ಹಳದಿ. ಕಪ್ಪಿದ್ದವರನ್ನು ಬೆಳ್ಳಗೆ ಮಾಡಬೇಕು, ಸಿಡುಬಿನ ಕಲೆ ಮುಚ್ಚಬೇಕು. ಗಂಡ ತೀರಿಕೊಂಡ ಮೇಲೆ ಒಂಬತ್ತು ವರ್ಷ ಅವಳು ಊರವರನ್ನೆಲ್ಲ ಒಂದೇ ಗುಲಾಬಿಯಲ್ಲಿ ಅದ್ದಿ ತೆಗೆದಿದ್ದಳು. ಬೇಡ ಅಂದವರು ಒಬ್ಬರೂ ಇಲ್ಲ.

ಅರವತ್ತಮೂರನೆಯ ಇಸವಿಯಲ್ಲಿ ಪುತ್ತೂರಿನ ಜವಳಿ ಅಂಗಡಿಯ ಕ್ಯಾಲೆಂಡರ್ ಒಂದು ಬಂತು ನೋಡಿ, ಅವಳ ನೆಮ್ಮದಿ ಹೋಯಿತು. ಬೊಂಬಾಯಿಯ ದೊಡ್ಡ ಫೋಟೋಗ್ರಾಫರ್ ಒಬ್ಬರು ಬಣ್ಣದ ಫಿಲ್ಮಿನಲ್ಲೇ ತೆಗೆದ ಚಿತ್ರಗಳು. ಮಂಗಳೂರಿನ ಸ್ಟುಡಿಯೋದವರೆಲ್ಲ ಇವರನ್ನು ನೋಡಿಯೇ ಕಲಿಯುವುದು ಎಂದ ಹೈದರ್. ಮೂಲೆಯಲ್ಲಿದ್ದ ಇಂಗ್ಲಿಷ್ ಹೆಸರು ಓದಲು ಬಾರದೆ ಶೀಲಾವತಿ ಅವರನ್ನು ‘ಬೊಂಬಾಯಿಯವರು’ ಎಂದೇ ಕರೆದಳು. ಅವರ ಮುಖಗಳಲ್ಲಿ ಗುಲಾಬಿಯೇ ಇರಲಿಲ್ಲ. ಮರದಡಿ ನಿಂತವಳ ಕೆನ್ನೆಯಲ್ಲಿ ಎಲೆಯ ಹಸಿರು, ಕೆಂಪು ಸೀರೆಯವಳ ಗಲ್ಲದಡಿ ಸೀರೆಯದೇ ಕೆಂಪು. ಇದೆಲ್ಲ ಬೊಗಳೆ ಎಂದು ಅವಳಿಗೆ ಅನುಮಾನ. ಹಿತ್ತಲಿಗೆ ಹೋಗಿ ಬಾಳೆಯ ಬುಡದಲ್ಲಿ ಕೈ ಚಾಚಿ ನೋಡಿದಳು. ಅಯ್ಯೋ ದೇವರೇ, ಕೈ ಹಸಿರಾಗಿಯೇ ಇತ್ತು. ನಲವತ್ತು ವರ್ಷ ಕಣ್ಣಿದ್ದೂ ಕುರುಡಿಯಾಗಿದ್ದೆನಲ್ಲ ಎಂದು ಅಳು ಬಂತು.

ಗುತ್ತಿಗಾರಿನ ಬೆಳ್ಯಪ್ಪ ಮಗಳು ಲೋಲಾಕ್ಷಿಯ ಫೋಟೋ ತೆಗೆಸಲು ಬಂದದ್ದು ಆ ದಿನಗಳಲ್ಲೇ. ಅರಂತೋಡಿನ ಸಂಬಂಧವೊಂದು ಹೆಚ್ಚುಕಡಿಮೆ ಕುದುರಿತ್ತು, ಹುಡುಗಿಗೂ ಮನಸ್ಸಿತ್ತು. ಶೀಲಾವತಿ ಹಠ ಹಿಡಿದು ಅವಳನ್ನು ಹಿತ್ತಲಿನ ಬಾಳೆಯ ಹತ್ತಿರ ನಿಲ್ಲಿಸಿದಳು. ಪ್ರಿಂಟು ಬಂದ ಮೇಲೆ ಬೊಂಬಾಯಿಯವರ ಹಾಗೆಯೇ ಎಡಗೆನ್ನೆಗೆ ತೆಳು ಹಸಿರು ಹಚ್ಚಿದಳು. ಹುಟ್ಟಿದಂದಿನಿಂದ ಅಷ್ಟು ಒಳ್ಳೆಯ ಕೆಲಸ ಅವಳ ಕೈಯಿಂದ ಆಗಿರಲಿಲ್ಲ.

ವಾರದೊಳಗೆ ಹುಡುಗನ ಸೋದರತ್ತೆ ಕಮಲಾವತಿ ಆ ಫೋಟೋ ಹಿಡಿದುಕೊಂಡು ಸ್ಟುಡಿಯೋಕ್ಕೆ ಬಂದಳು.

“ಈ ಕಲೆ ಎಂತದ್ದು?”

“ಕಲೆ ಅಲ್ಲಕ್ಕ. ಬಾಳೆಯ ಬಣ್ಣ ಮುಖಕ್ಕೆ ಬಿದ್ದದ್ದು. ನಾನೇ ಹಾಕಿದ್ದು.”

“ನೀನು ಕಲೆ ಮುಚ್ಚುವವಳು ಅಂತ ಊರಿಗೇ ಗೊತ್ತುಂಟು. ಇಲ್ಲದ ಕಲೆ ಹಾಕುವವರು ಲೋಕದಲ್ಲಿ ಯಾರಿದ್ದಾರೆ ಮಾರಾಯ್ತಿ? ನೀನು ಮುಚ್ಚಿಯೂ ಇಷ್ಟು ಕಾಣ್ತದೆ ಅಂದರೆ ಅಡಿಯಲ್ಲಿ ಎಷ್ಟುಂಟೋ.”

ಒಂಬತ್ತು ವರ್ಷದ ಗುಲಾಬಿಯೇ ಶೀಲಾವತಿಯ ವಿರುದ್ಧ ಸಾಕ್ಷಿ ನಿಂತಿತ್ತು. ತನ್ನ ಶೋಕಿಗೆ ಒಂದು ಹುಡುಗಿಯ ಮದುವೆ ಮುರಿಯುತ್ತದಲ್ಲ ಎಂದು ಹೆದರಿದಳು. ಹುಡುಗಿಯನ್ನೇ ಕರೆಸಿ ನೋಡಿ ಎಂದು ಕೈಮುಗಿದಳು.

ಮರುದಿನ ಬೆಳ್ಯಪ್ಪ ಮಗಳನ್ನು ಕರೆತಂದ. ಸ್ಟುಡಿಯೋದೊಳಗೆ ಕೆನ್ನೆ ಶುದ್ಧವಾಗಿತ್ತು. ಕಮಲಾವತಿ ಅಷ್ಟಕ್ಕೆ ಬಿಡುವ ಹೆಂಗಸೇ? ಪೌಡರ್ ಇರಬಹುದೆಂದು ಬೆರಳಿನಿಂದ ಉಜ್ಜಿದಳು. “ಫೋಟೋ ತೆಗೆದಲ್ಲಿಗೇ ಹೋಗುವ” ಎಂದಳು. ಬಾಳೆಯ ಹತ್ತಿರ ನಿಲ್ಲಿಸಿದ್ದೇ ತಡ, ಕೆನ್ನೆಯಲ್ಲಿ ಹಸಿರು.

“ಇಕೊ, ಉಂಟಲ್ಲ,” ಎಂದಳು ಕಮಲಾವತಿ.

ಬೊಂಬಾಯಿಯವರ ಬಣ್ಣ ಸುಳ್ಯದಲ್ಲಿ ಶೀಲಾವತಿಯ ನಂತರ ಇನ್ನೊಬ್ಬರ ಕಣ್ಣಿಗೆ ಬಿದ್ದದ್ದು ಅದೇ ಮೊದಲು. ಬಿದ್ದದ್ದಾದರೂ ಎಂಥ ಕಣ್ಣಿಗೆ! ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಶೀಲಾವತಿ ಓಡಿ ಹೋಗಿ, ಗಿರಾಕಿಗಳು ತಲೆ ಬಾಚುವ ಕನ್ನಡಿ ತಂದು ಕಮಲಾವತಿಯ ಕೈಗೆ ಕೊಟ್ಟಳು.

“ನಿಮ್ಮ ಮುಖವನ್ನೂ ನೋಡಿ ಅಕ್ಕ. ಇಲ್ಲಿ ನಿಂತರೆ ಎಲ್ಲರಿಗೂ ಹೀಗೆಯೇ.”

ಕಮಲಾವತಿ ನೋಡಿದಳು. ತನ್ನ ಕೆನ್ನೆಯೂ ಹಸಿರು. ಹುಡುಗಿಯ ಕೆನ್ನೆ ಉಜ್ಜಿದ ಬೆರಳನ್ನು ನೋಡಿದಳು, ಮತ್ತೆ ಕನ್ನಡಿ ನೋಡಿದಳು.

“ಮುಟ್ಟಿದ್ದಕ್ಕೆ ನನಗೂ ಅಂಟಿತಲ್ಲ,” ಎಂದವಳೇ ಕನ್ನಡಿ ಬಿಸಾಡಿ, ಬೆರಳನ್ನು ಸೆರಗಿಗೆ ಒರೆಸುತ್ತ ಬಸ್ಸಿನ ಕಡೆ ಕಾಲಿಗೆ ಬುದ್ಧಿ ಹೇಳಿದಳು. ನಗಬೇಡಿ. ಅರಂತೋಡಿನ ಸಂಬಂಧ ಅಲ್ಲಿಗೆ ಮುರಿಯಿತು.

ಬೇರೆ ಕಡೆ ನೋಡಬೇಕಲ್ಲ, ಅದಕ್ಕೆ ಶೀಲಾವತಿ ಹೊಸ ಪ್ರಿಂಟು ತೆಗೆಸಿ, ಹಲ್ಲು ಕಚ್ಚಿಕೊಂಡು, ಎರಡೂ ಕೆನ್ನೆಗೆ ಹಳೆಯ ಗುಲಾಬಿ ಬಳಿದಳು. ಬೆಳ್ಯಪ್ಪನಿಗೆ ಸಮಾಧಾನವಾಯಿತು. “ಈಗ ನನ್ನ ಮಗಳ ಹಾಗೇ ಉಂಟು,” ಎಂದ.

ಲೋಲಾಕ್ಷಿ ಫೋಟೋವನ್ನು ಬೆಳಕಿಗೆ ಓರೆ ಹಿಡಿದು ಎಡಗೆನ್ನೆಯನ್ನೇ ನೋಡಿದಳು. ಅಪ್ಪ ಹೊರಗೆ ಹೋದ ಮೇಲೆ ಮೆಲ್ಲಗೆ ಕೇಳಿದಳು:

“ಸತ್ಯ ಹೇಳಿ ಶೀಲಕ್ಕ. ಇದರ ಅಡಿಯಲ್ಲಿ ಎಂತ ಮುಚ್ಚಿದ್ದೀರಿ?”