ಎಮ್ಮೆ ಹೊರಳಿಸುವ ದಿಕ್ಕು

ಔರಾದಿನಿಂದ ಬೀದರಕ್ಕೆ ಹೋಗುವ ರಸ್ತೆಯ ಮೇಲೆ ನನಗೆ ಬಹಳ ಸಿಟ್ಟಿತ್ತು. ರಸ್ತೆ ಪಾಪ ಏನು ಮಾಡೀತು, ಇದ್ದಷ್ಟೇ ಉದ್ದ ಇರುತ್ತದೆ. ಆದರೆ ಹೆರಲಾರದ ಎಮ್ಮೆಯನ್ನು ಟೆಂಪೋದಲ್ಲಿ ಏರಿಸಿ ಕಳಿಸಿದವರಿಗೆ ಅದು ದಿನಕ್ಕಷ್ಟು ಬೆಳೆಯುತ್ತಾ ಹೋದಂತೆ ಕಾಣುತ್ತದೆ.

ನಾನು ದನದ ಡಾಕ್ಟರು. ಮೊದಲು ಭಾಲ್ಕಿಯಲ್ಲಿದ್ದೆ, ಈಗ ಔರಾದ ತಾಲೂಕಿನಲ್ಲಿದ್ದೇನೆ. ನಮ್ಮ ಕಡೆ ಎಮ್ಮೆ ಜಾಸ್ತಿ, ಎಮ್ಮೆಗಳಿಗೆ ಒಂದು ಕೆಟ್ಟ ತೊಂದರೆಯೂ ಜಾಸ್ತಿ. ದಿನ ತುಂಬಿದ ಮೇಲೆ ಗರ್ಭಕೋಶ ಒಳಗೇ ತಿರುಚಿಕೊಂಡುಬಿಡುತ್ತದೆ. ಹೆರಿಗೆಯ ಬ್ಯಾನಿ ಬರುತ್ತದೆ, ಕರುವಿಗೆ ಮಾತ್ರ ದಾರಿ ಇರುವುದಿಲ್ಲ. ಹೊಟ್ಟೆ ಕೊಯ್ದು ತೆಗೆಯಬೇಕು, ಇಲ್ಲವೇ ಎಮ್ಮೆಯನ್ನು ನೆಲಕ್ಕೆ ಕೆಡವಿ, ಹೊಟ್ಟೆಯ ಮೇಲೆ ಹಲಗೆ ಒತ್ತಿ ಹಿಡಿದು, ಮೈಯನ್ನು ಹೊರಳಿಸಿ ತಿರುಚು ಬಿಡಿಸಬೇಕು. ಕೊಯ್ಯುವುದಕ್ಕೆ ಬೇಕಾದ ಸೌಕರ್ಯ ನಮ್ಮಲ್ಲಿಲ್ಲ. ಹೊರಳಿಸುವುದನ್ನು ಕಾಲೇಜಿನಲ್ಲಿ ನೋಡಿದ್ದೆನೆಂದು ಹೇಳಬೇಕು. ನೋಡಿದ್ದು ಮುಂದೆ ನಿಂತ ಹುಡುಗರ ಬೆನ್ನುಗಳನ್ನು. ಹೀಗಾಗಿ ನನಗಿಂತ ಮುಂಚೆ ಇದ್ದವರೂ ನಾನೂ ಹೇಳುತ್ತಿದ್ದದ್ದು ಒಂದೇ ಮಾತು: ಬೀದರಕ್ಕೆ ಒಯ್ಯಿರಿ.

ಗಡಿ ಕಡೆಯ ಹಳ್ಳಿಯೊಂದರಲ್ಲಿ ಒಬ್ಬ ಹೆಂಗಸಿದ್ದಾಳೆ. ಔರಾದಿನ ಚಹಾದಂಗಡಿಗಳಿಗೆ ಹಾಲು ಕೊಡುವವಳು. ದೊಡ್ಡ ಮೈ, ದೊಡ್ಡ ದನಿ. ಅವಳ ಎಮ್ಮೆಗೂ ಹೀಗೇ ಆದಾಗ ನಾನು ಬೀದರಕ್ಕೆ ಕಳಿಸಿದೆ. ದಾರಿಯಲ್ಲಿ ಜನವಾಡದ ಹತ್ತಿರ ಎಮ್ಮೆ ಟೆಂಪೋದಲ್ಲೇ ಹೋಯಿತು, ಒಳಗಿನ ಕರುವೂ ಹೋಯಿತು. ಕೆಲವು ದಿನ ಬಿಟ್ಟು ಅವಳು ಆಸ್ಪತ್ರೆಗೆ ಬಂದಳು. ಬೈಯುತ್ತಾಳೆಂದು ನಾನು ತಯಾರಾಗಿ ಕೂತಿದ್ದೆ.

“ನೀವು ಹೇಳಿದ್ದು ಬರೋಬ್ಬರಿ ಇತ್ರಿ ಡಾಕ್ಟರ್ ಬಾಯಿ. ದಾರಿನೇ ದೂರ ಆಯ್ತು,” ಅಂದಳು. ಬಾಯಿ ಅಂದರೆ ನಮ್ಮ ಕಡೆ ಮೇಡಂ.

ಬೈದಿದ್ದರೆ ವಾಸಿಯಿತ್ತು. ಅವಳು ಬಂದದ್ದು ಸತ್ತ ಎಮ್ಮೆಯ ಮಗಳನ್ನು ಹಿಡಿದುಕೊಂಡು, ಗಬ್ಬ ಕಟ್ಟಿಸಲು. ಗಬ್ಬದ ಇಂಜೆಕ್ಷನ್ ಕೊಟ್ಟವಳು ನಾನೇ. ಅವತ್ತಿನಿಂದ ಒಂದು ಯೋಚನೆ ತಲೆ ಹೊಕ್ಕಿತು. ಇದು ಈಯುವ ಹೊತ್ತಿಗೆ ತಾಯಿಗೆ ಬಂದದ್ದೇ ಇದಕ್ಕೂ ಬಂದರೆ, ಮತ್ತೆ ಅದೇ ಟೆಂಪೋ, ಅದೇ ರಸ್ತೆಯೇ?

ಆ ದಿನಗಳಲ್ಲೇ ಭಾಲ್ಕಿಯಿಂದ ನನ್ನ ಹಳೆಯ ಸಹೋದ್ಯೋಗಿ ಫೋನ್ ಮಾಡಿದ. ಜೊತೆಗೇ ಓದಿದವನು, ಅವನೂ ದನದ ಡಾಕ್ಟರೇ.

“ಆನ್‌ಲೈನ್ ಕ್ಲಾಸ್ ಶುರು ಆಗ್ಯಾವ, ಸೇರ್ಕೋ.”

ಆನ್‌ಲೈನ್ ಕ್ಲಾಸುಗಳ ಬಗ್ಗೆ ನನಗೆ ಅಷ್ಟೇನೂ ಗೌರವ ಇರಲಿಲ್ಲ. ಹಿಂದೊಮ್ಮೆ ಸೇರಿದ್ದೆ. ಎಲ್ಲರೂ ಕ್ಯಾಮೆರಾ ಆರಿಸಿ ಕೂತಿದ್ದರು. ಯಾರೋ ಮೈಕು ಆರಿಸುವುದನ್ನು ಮರೆತಿದ್ದರಿಂದ ಕೋಳಿಜ್ವರದ ಪಾಠದ ತುಂಬ ಅವರ ಮನೆಯ ಒಗ್ಗರಣೆ ಚಟಪಟಗುಟ್ಟಿತು. ಕೊನೆಗೆ ಬಂಗಾರದ ಅಂಚಿನ ಸರ್ಟಿಫಿಕೇಟು ಬಂತು.

“ನಂಗ ಇನ್ನೊಂದು ಸರ್ಟಿಫಿಕೇಟ್ ಬ್ಯಾಡಪ್ಪಾ,” ಅಂದೆ.

“ಈ ಸಲ ಎಮ್ಮಿ ಹೊರಳ್ಸೋದು ಕಲಿಸ್ತಾರ. ಬ್ಯಾಡಂದ್ರ ಬಿಡು.”

ಸೇರಿದೆ. ಔರಾದಿನ ನಮ್ಮ ಆಸ್ಪತ್ರೆಯಲ್ಲಿ ನೆಟ್‌ವರ್ಕ್ ಸಿಗುವುದು ಅಂಗಳದಲ್ಲಿ, ದನ ಕಟ್ಟುವ ಕಬ್ಬಿಣದ ಚೌಕಟ್ಟಿನ ಹತ್ತಿರ ಮಾತ್ರ. ಮಧ್ಯಾಹ್ನ ದನ ಬರದ ಹೊತ್ತಿನಲ್ಲಿ ಅದೇ ಚೌಕಟ್ಟಿನೊಳಗೆ ಕುರ್ಚಿ ಹಾಕಿಕೊಂಡು ಪಾಠ ಕೇಳುತ್ತಿದ್ದೆ. ಆಕಳಿಗೆ ಟಾನಿಕ್ ಒಯ್ಯಲು ಬಂದ ಮುದುಕನೊಬ್ಬ, “ಬಾಯಿಗಿ ಯಾರು ಕಟ್ಟಿ ಹಾಕ್ಯಾರಪ್ಪಾ?” ಎಂದು ಕಾಂಪೌಂಡರನನ್ನು ಕೇಳಿದ.

ಪಾಠ ಮಾಡುತ್ತಿದ್ದವರು ನಿವೃತ್ತ ಪ್ರೊಫೆಸರು. ಅನುಭವಸ್ಥರು, ಎಷ್ಟೋ ಎಮ್ಮೆ ಹೊರಳಿಸಿದ ಕೈ. ಎಮ್ಮೆಯ ಹಿಂದೆ ನಿಂತು ನೋಡಬೇಕು, ಗರ್ಭ ಯಾವ ಕಡೆ ತಿರುಗಿದೆಯೋ ಎಮ್ಮೆಯನ್ನೂ ಅದೇ ಕಡೆ ಹೊರಳಿಸಬೇಕು ಅಂದರು. ನನಗೆ ಅಲ್ಲೇ ಗಂಟು ಬಿತ್ತು. ಬಲಕ್ಕೆ ತಿರುಗಿದ್ದನ್ನು ಬಿಡಿಸಲು ಎಡಕ್ಕಲ್ಲವೇ ತಿರುಗಿಸಬೇಕು? ನಲ್ಲಿ ಬಿಚ್ಚುವುದೂ ಹಾಗೇ, ಡಬ್ಬಿ ಮುಚ್ಚಳ ತೆಗೆಯುವುದೂ ಹಾಗೇ. ಆಮೇಲೆ ತಾವೇ ಮಾಡಿದ ವಿಡಿಯೋ ಹಾಕಿದರು. ಮಾತು “ಬಲಕ್ಕೆ, ಬಲಕ್ಕೆ” ಅನ್ನುತ್ತಿತ್ತು, ಎಮ್ಮೆ ಎಡಕ್ಕೆ ಉರುಳುತ್ತಿತ್ತು! ತಲೆ ಗಿರ್ರೆಂದಿತು. ಮಾತು ನಂಬಲೋ, ಕಣ್ಣು ನಂಬಲೋ? ತಪ್ಪು ಕಡೆ ಹೊರಳಿಸಿದರೆ ತಿರುಚು ಇನ್ನೂ ಬಿಗಿಯುತ್ತದೆ, ಆಗ ಬೀದರದ ದಾರಿಯೂ ಇಲ್ಲ. ಭಾಲ್ಕಿಯವನಿಗೆ ಫೋನ್ ಮಾಡಿದರೆ ಅವನದೂ ಅದೇ ಗೋಳು.

ಭಾನುವಾರ ಬೀದರದ ಮನೆಗೆ ಹೋದೆ. ಅವ್ವ ನರ್ಸ್ ಆಗಿ ನಿವೃತ್ತಳಾದವಳು. ಹಾಸಿಗೆಯ ಮೇಲೆ ಒಂದು ಸುಕ್ಕು ಕಂಡರೂ ಈಗಲೂ ಕೈ ತಡೆಯುವುದಿಲ್ಲ. ಚರ್ಚಿನಿಂದ ಬಂದವಳೇ ಒಗೆದ ದಪ್ಪ ಚಾದರ ಹಿಂಡಲು ನನ್ನನ್ನು ಮಾಳಿಗೆಗೆ ಕರೆದಳು. ಒಂದು ತುದಿ ಅವಳು, ಇನ್ನೊಂದು ತುದಿ ನಾನು. ಚಿಕ್ಕಂದಿನಿಂದ ಇದೇ ಪದ್ಧತಿ. ಅವಳು ತಿರುವುತ್ತಾ ಹೋದಳು, ನಾನು ಬೇರೇನೋ ಯೋಚಿಸುತ್ತಾ ಸುಮ್ಮನೆ ಹಿಡಿದು ನಿಂತಿದ್ದೆ. ಚಾದರ ಹಗ್ಗದಂತೆ ಬಿಗಿಯಿತು, ನೀರೆಲ್ಲ ನನ್ನ ಕಾಲಿನ ಮೇಲೆ.

“ಕೈ ಆಡ್ಸು! ಹಿಂಗ ನಿಂತ್ರ ಚಾದರ ತಾನೇ ಹಿಂಡ್ಕೋತದೇನು?”

ಆಗ ಹೊಳೆಯಿತು.

“ಅವ್ವಾ, ಗಟ್ಟಿ ಹಿಡಿ. ನೀ ಅಲ್ಲಾಡ್ಬ್ಯಾಡ.”

ನನ್ನ ಕಡೆಯಿಂದ ನೋಡಿದರೆ ಅವಳ ತುದಿ ಬಲಕ್ಕೆ ತಿರುಗಿತ್ತು. ನನ್ನ ತುದಿಯನ್ನು ನಾನೂ ಬಲಕ್ಕೇ ತಿರುಗಿಸಿದೆ. ತಿರುಚು ಸರಸರ ಬಿಚ್ಚಿಕೊಂಡಿತು. ಎಡಕ್ಕೆ ತಿರುಗಿಸಿ ನೋಡಿದೆ, ಇನ್ನೂ ಬಿಗಿಯಿತು. ಅವ್ವನ ತುದಿ ಗರ್ಭ, ನನ್ನ ತುದಿ ಎಮ್ಮೆಯ ಮೈ. ಗರ್ಭವನ್ನು ಹಲಗೆ ಒತ್ತಿ ಹಿಡಿದರೆ, ಅದು ಹೋದ ಕಡೆಗೇ ಮೈ ಹೋಗಿ ಅದನ್ನು ಕೂಡಿಕೊಳ್ಳುತ್ತದೆ. ಅಷ್ಟೇ! ನಾನು ಮಾಳಿಗೆಯ ಮೇಲೆ ಜೋರಾಗಿ ನಕ್ಕೆ. ಅವ್ವ ಪಕ್ಕದ ಮನೆಯವರು ನೋಡುತ್ತಿದ್ದಾರೇನೋ ಎಂದು ಆಚೀಚೆ ನೋಡಿದಳು.

“ಎಮ್ಮಿ ಡಾಕ್ಟರ್ ಆಗಿ ಎಮ್ಮಿಗತೆನೇ ಆಗ್ಲತ್ತಿ ನೀ.”

ಹಾಗಾದರೆ ಮಾತು ಸರಿ, ವಿಡಿಯೋದಲ್ಲಿ ಏನೋ ತಪ್ಪಿದೆ. ಅಲ್ಲೇ ಕೂತು ಮತ್ತೆ ಹಾಕಿದೆ. ಕೆಡವುವ ಮುಂಚೆ ಪ್ರೊಫೆಸರು ರೂಢಿಯಂತೆ ಎಮ್ಮೆಯ ಮಗ್ಗುಲಿಗೆ ಮುಷ್ಟಿ ಒತ್ತಿ, ಮೇವು ತುಂಬಿದ ದೊಡ್ಡ ಹೊಟ್ಟೆ ನೋಡುತ್ತಿದ್ದರು. ಒತ್ತಿದ್ದು ಬಲಮಗ್ಗುಲಿಗೆ! ದನಕ್ಕೆ ಆ ಹೊಟ್ಟೆ ಇರುವುದು ಎಡಕ್ಕೆ. ಉಬ್ಬರ ಬಂದರೆ ಉಬ್ಬುವುದೂ ಎಡಮಗ್ಗುಲೇ, ನಮ್ಮ ರೈತರಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ವಿಡಿಯೋ ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿತ್ತು. ಸೆಲ್ಫಿ ತೆಗೆಯುವ ಮುಂಬದಿಯ ಕ್ಯಾಮೆರಾದಲ್ಲಿ ಹಿಡಿದಿದ್ದರು.

ಮುಂದಿನ ಕ್ಲಾಸಿನಲ್ಲಿ ಕೈ ಎತ್ತುವ ಗುಂಡಿ ಒತ್ತಿದೆ. ಅಷ್ಟು ಜನರ ಮುಂದೆ ಅಂಥ ದೊಡ್ಡವರಿಗೆ ತಪ್ಪು ತೋರಿಸುವುದು ಸುಲಭವಲ್ಲ. ಹೇಳಿದೆ. ಅವರು ತಮ್ಮ ವಿಡಿಯೋವನ್ನು ತಾವೇ ಹಾಕಿ ನೋಡಿದರು. ಆಮೇಲೆ ತಲೆಗೆ ಕೈ ಹಚ್ಚಿಕೊಂಡು ನಕ್ಕರು.

“ಮುಖ ಸರಿಯಾಗಿ ಬೀಳಲಿ ಅಂತ ಸೆಲ್ಫಿ ಕ್ಯಾಮೆರಾ ಹಾಕಿಟ್ಟೆನಮ್ಮಾ. ಈ ವಯಸ್ಸಿನಲ್ಲಿ ನನ್ನ ಮುಖ ಯಾರು ನೋಡಬೇಕಿತ್ತು?”

ವಿಡಿಯೋ ಅವತ್ತೇ ತೆಗೆದುಹಾಕಿದರು. ನಾನು ಚಾದರದ ಕಥೆ ಹೇಳಿದ್ದಕ್ಕೆ, ಅದನ್ನೇ ಕನ್ನಡದಲ್ಲಿ ವಿಡಿಯೋ ಮಾಡಿ ಕಳಿಸಿ, ಎಲ್ಲರಿಗೂ ಹಾಕುತ್ತೇನೆ ಅಂದರು. ಅವ್ವ ಚರ್ಚಿಗೆ ಉಡುವ ಸೀರೆ ಉಟ್ಟು, ಪೌಡರ್ ಹಚ್ಚಿಕೊಂಡು ಚಾದರ ಹಿಡಿದಳು. ಫೋನನ್ನು ಹಿಂಬದಿಯ ಕ್ಯಾಮೆರಾದಲ್ಲೇ ಇಟ್ಟಿದ್ದೇನೆಯೇ ಎಂದು ನನ್ನನ್ನು ಮತ್ತೆ ಮತ್ತೆ ಕೇಳಿದಳು. ಆ ವಿಡಿಯೋ ನೋಡಿ ಭಾಲ್ಕಿಯವನು ಒಂದು ಎಮ್ಮೆ ಹೊರಳಿಸಿ, ಕರುವಿನ ಫೋಟೋ ಕಳಿಸಿದ. ಖುಷಿಯಾಯಿತು, ಹೊಟ್ಟೆಕಿಚ್ಚೂ ಆಯಿತು. ಕಲಿಸಿದವಳು ನಾನು, ನನ್ನ ಕೈ ಇನ್ನೂ ಮಾಡಿರಲಿಲ್ಲ.

ಸತ್ತ ಎಮ್ಮೆಯ ಮಗಳಿಗೆ ದಿನ ತುಂಬಿತ್ತು. ಗಡಿ ಹಳ್ಳಿಯಿಂದ ಫೋನ್ ಬಂದದ್ದು ಒಂದು ಬೆಳಿಗ್ಗೆ.

“ಬಾಯಿ, ಇದಕ್ಕೂ ಹಂಗೇ ಆಗ್ಯಾದ್ರಿ. ಟೆಂಪೋ ಕರ್ಸೀನಿ. ನೀವು ಒಂದ್ಸಲ ನೋಡಿ ಹೇಳ್ರಿ, ಒಯ್ತೇನಿ.”

ನಾನು ಹೋದಾಗ ಅವಳ ಮನೆಯ ಮುಂದೆ ಅದೇ ಟೆಂಪೋ ನಿಂತಿತ್ತು. ಹಿಂದಿನ ಸಲ ಎಮ್ಮೆ ನಿಂತಲ್ಲಿ ಕಾಲು ಜಾರಿತ್ತೆಂದು ಈ ಸಲ ಅವಳು ಟೆಂಪೋದ ತುಂಬ ಸೋಯಾ ಹೊಟ್ಟು ಹಾಸಿದ್ದಳು. ಡ್ರೈವರ್ ಇಂಜಿನ್ ಆರಿಸಿರಲಿಲ್ಲ. ಒಳಗೆ ಕೈ ಹಾಕಿ ನೋಡಿದೆ. ಒಳಗೋಡೆಯ ಮಡಿಕೆಗಳು ಬಲಕ್ಕೆ ಸುತ್ತಿಕೊಂಡಿದ್ದವು. ಬೆರಳ ತುದಿಗೆ ಕರುವಿನ ಕಾಲು ತಾಗಿತು, ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡಿತು. ಜೀವ ಇತ್ತು.

“ಏರಿಸ್ರಿ ಜಲ್ದಿ, ದೂರ ಅದ,” ಅಂದ ಡ್ರೈವರ್.

ಹೆಂಗಸು ನನ್ನ ಮುಖ ನೋಡುತ್ತಾ ನಿಂತಳು. ಬೀದರಕ್ಕೆ ಒಯ್ಯಿರಿ ಅಂದಿದ್ದರೆ ಯಾರೂ ನನ್ನನ್ನು ಏನೂ ಕೇಳುತ್ತಿರಲಿಲ್ಲ. ನನಗೆ ಹೆದರಿಕೆಯೇ ಆಗಿತ್ತು.

“ಅಕ್ಕಾ, ಇಲ್ಲೇ ಮಾಡಿ ನೋಡ್ತೇನಿ. ಬಿಚ್ಚಲಿಲ್ಲಂದ್ರ ಕೂಡ್ಲೇ ಏರಿಸೋಣು. ಹೂಂ ಅಂತೀರೇನು?”

ಅವಳು ಟೆಂಪೋ ಕಡೆ ನೋಡಿದಳು, ಎಮ್ಮೆ ಕಡೆ ನೋಡಿದಳು. “ಇಂಜಿನ್ ಬಂದ್ ಮಾಡೋ,” ಎಂದು ಡ್ರೈವರನಿಗೆ ಕೂಗಿದಳು.

ಅಕ್ಕಪಕ್ಕದ ಗಂಡಸರು ಹಗ್ಗ ತಂದರು, ಬಂಡಿಯ ಹಲಗೆ ತಂದರು. ಎಮ್ಮೆಯನ್ನು ಬಲಮಗ್ಗುಲಿಗೆ ಕೆಡವಿ, ಮುಂಗಾಲು ಜೋಡಿಸಿ ಹಿಂಗಾಲು ಜೋಡಿಸಿ ಕಟ್ಟಿದೆವು. ಹಲಗೆಯ ಒಂದು ತುದಿ ನೆಲಕ್ಕೆ, ಮಿಕ್ಕದ್ದು ಹೊಟ್ಟೆಯ ಮೇಲೆ. ಅದರ ಮೇಲೆ ಒಬ್ಬರು ನಿಲ್ಲಬೇಕು. ಗಂಡಸರೆಲ್ಲ ಕಡ್ಡಿಗಳು.

“ಅಕ್ಕಾ, ನೀವೇ ಹತ್ರಿ.”

“ನನ್ನ ಭಾರ ಕಡೀಗೂ ಒಂದ್ ಕೆಲ್ಸಕ್ಕ ಬಂತು ನೋಡ್ರಿ,” ಎಂದು ಸೀರೆ ಮೇಲೆ ಕಟ್ಟಿ ಹತ್ತಿದಳು. ಎಮ್ಮೆ ಅವಳ ದನಿ ಕೇಳಿ ಒದ್ದಾಡುವುದನ್ನು ಬಿಟ್ಟಿತು. ನಾನು ಹಿಂದೆ ನಿಂತೆ. ಕಣ್ಣ ಮುಂದೆ ಮಾಳಿಗೆ, ಚಾದರ, ಅಲ್ಲಾಡದ ಅವ್ವ. “ಬಲಕ್ಕ, ಮೆಲ್ಲಕ, ಎಲ್ಲಾರೂ ಕೂಡೇ!” ಎಂದೆ. ಹಗ್ಗ ಹಿಡಿದವರು ಎಳೆದರು. ಎಮ್ಮೆ ಬೆನ್ನ ಮೇಲಿಂದ ಆ ಕಡೆಗೆ ಹೊರಳಿತು, ಹಲಗೆಯ ಮೇಲಿನವಳು ಹೆಜ್ಜೆ ಸರಿಸುತ್ತಾ ಒತ್ತಿಯೇ ನಿಂತಳು. ಕೈ ಹಾಕಿದೆ. ಬಿಚ್ಚಿರಲಿಲ್ಲ. ಡ್ರೈವರ್ ಕೀಲಿ ಕೈಗೆ ತಗೊಂಡ. ಎಮ್ಮೆಯನ್ನು ಮೊದಲಿನ ಮಗ್ಗುಲಿಗೆ ತಂದು, “ಇನ್ನೊಮ್ಮೆ,” ಅಂದೆ. 

ಈ ಸಲ ಹೊರಳುವಾಗಲೇ ಹೊಟ್ಟೆಯೊಳಗೆ ಏನೋ ಜಾರಿದ್ದು ಕಂಡಿತು. ಕೈ ಹಾಕಿದ ಕೂಡಲೇ ನೀರು ಭಳ್ಳನೆ ತೋಳಿನ ಮೇಲೆ ಬಂತು. ದಾರಿ ಸಡಿಲಾಗಿತ್ತು. ಹೆಂಗಸು ಹಲಗೆಯಿಂದ ಇಳಿದಳು. ಎರಡು ಪುಟ್ಟ ಗೊರಸು, ಅದರ ಹಿಂದೆ ಮೂಗು. ನಾವು ಎಳೆದದ್ದು ಸ್ವಲ್ಪ, ಉಳಿದದ್ದು ಎಮ್ಮೆಯೇ ಮಾಡಿತು. ಹೆಣ್ಣುಗರು. ಮೂಗು ಒರೆಸಿ ಎದೆ ತಿಕ್ಕಿದೆ, ಸೀನಿತು. ನಾನು ಎಲ್ಲರ ಮುಂದೆ ಅತ್ತೆ, ಕಣ್ಣೊರೆಸಿಕೊಳ್ಳಲು ಕೈ ಶುಚಿಯಿರಲಿಲ್ಲ.

ಹೆಂಗಸು ಕರುವಿನ ಹತ್ತಿರ ಬಂದಳು. ನೆಲ ಒದ್ದೆಯಾಗಿತ್ತು. ಅವಳು ಆಚೀಚೆ ನೋಡಿದಳು, ಸೀದಾ ಟೆಂಪೋಕ್ಕೆ ಹೋಗಿ ಹಿಂದಿನ ಬಾಗಿಲು ಕೆಳಗಿಳಿಸಿದಳು. ಬೀದರಕ್ಕೆಂದು ಹಾಸಿದ್ದ ಹೊಟ್ಟನ್ನು ಸೆರಗಿನಲ್ಲಿ ತುಂಬಿ ತುಂಬಿ ತಂದು ಕರುವಿನ ಕೆಳಗೆ ಹಾಸಿದಳು.