ಹನ್ನೆರಡರಲ್ಲಿ ಆಡುವ ಹುಡುಗಿಯ ಅಪ್ಪ

ರಾಡ್ನಿ ಲೈಕರನ ಮಗಳ ಹೆಸರು ಟೆಸ್ಸಾ ಎಂಬುದು ಫಾಕ್ಸ್ ಕ್ರೀಕಿನ ಅರ್ಧ ಜನಕ್ಕೆ ಗೊತ್ತಿರಲಿಲ್ಲ. ಅವಳ ವಯಸ್ಸು ಮಾತ್ರ ಎಲ್ಲರಿಗೂ ಬಾಯಿಪಾಠವಾಗಿತ್ತು. ಕಾನ್ಸಾಸಿನ ಜೂನ್ ಬಿಸಿಲಿನಲ್ಲಿ ಯಾರದೋ ಮನೆಯ ಏರ್ ಕಂಡೀಷನರ್ ಕೆಟ್ಟು ಮನೆಮಂದಿಯೆಲ್ಲ ಬೆವರು ಒರೆಸಿಕೊಳ್ಳುತ್ತ ನಿಂತಿದ್ದರೆ, ರಿಪೇರಿಗೆ ಬಂದ ರಾಡ್ನಿ ಸ್ಕ್ರೂಡ್ರೈವರನ್ನು ಗಾಳಿಯಲ್ಲೇ ಹಿಡಿದು, "ಹತ್ತು ವರ್ಷ ಅವಳಿಗೆ. ಹನ್ನೆರಡರಲ್ಲಿ ಆಡ್ತಾಳೆ" ಎನ್ನುತ್ತಿದ್ದ. ಎದುರಿಗಿದ್ದವರು "ಹೌದಾ!" ಎಂದು ಕಣ್ಣರಳಿಸುವವರೆಗೆ ಸ್ಕ್ರೂ ತಿರುಗುತ್ತಿರಲಿಲ್ಲ. ಸೆಕೆ ತಡೆಯಲಾರದೆ ಜನ ಬೇಗ ಕಣ್ಣರಳಿಸುತ್ತಿದ್ದರು.

ನಮ್ಮ ಕಡೆ ಹೆಣ್ಣುಮಕ್ಕಳ ಸಾಫ್ಟ್‌ಬಾಲ್ ಎಂದರೆ ಆಟವಲ್ಲ, ದಂಡಯಾತ್ರೆ. ಶುಕ್ರವಾರ ಸಂಜೆ ಡೇರೆ, ಮಡಚುವ ಕುರ್ಚಿ, ಐಸ್ ಪೆಟ್ಟಿಗೆ ಎಲ್ಲ ವ್ಯಾನಿಗೆ ತುಂಬಿಕೊಂಡು ಹೊರಟರೆ, ಊರೂರಿನ ಮೈದಾನದಲ್ಲಿ ಕೂಗಾಡಿ, ಮೂತಿ ಸುಟ್ಟುಕೊಂಡು ವಾಪಸಾಗುವುದು ಭಾನುವಾರ. ಮಕ್ಕಳನ್ನು ವಯಸ್ಸಿನ ಪ್ರಕಾರ ವಿಂಗಡಿಸಿದ್ದಾರೆ: ಹತ್ತರೊಳಗಿನವರು, ಹನ್ನೆರಡರೊಳಗಿನವರು, ಹೀಗೆ. ಹೊಸ ವರ್ಷದ ದಿನ ಮಗುವಿಗೆ ಎಷ್ಟು ತುಂಬಿತ್ತೋ ಅದೇ ಇಡೀ ವರ್ಷದ ಲೆಕ್ಕ. ಇದಕ್ಕಿಂತ ಸುಲಭದ ವಿಷಯ ಭೂಮಿಯ ಮೇಲೆ ಇರಲಾರದು. ಆದರೆ ನಮ್ಮ ಅಪ್ಪಂದಿರಿಗೆ ಸುಲಭದ್ದು ರುಚಿಸುವುದಿಲ್ಲ. ಚಿಕ್ಕವಳು ಬೇಕಿದ್ದರೆ ದೊಡ್ಡವರ ಜೊತೆ ಆಡಬಹುದು ಎಂಬ ಸಣ್ಣ ಕಿಂಡಿಯೊಂದನ್ನು ನಿಯಮದಲ್ಲಿ ಬಿಟ್ಟಿದ್ದಾರೆ. ಸಾವಿರ ಮಕ್ಕಳಲ್ಲಿ ಒಂದಕ್ಕೆಂದು ಬಿಟ್ಟ ಕಿಂಡಿ ಅದು. ಆ ಒಂದು ಮಗು ತನ್ನ ಮನೆಯಲ್ಲೇ ಹುಟ್ಟಿದೆ ಎಂದು ಪ್ರತಿ ಬೀದಿಯಲ್ಲೂ ಒಬ್ಬ ಅಪ್ಪನಿಗೆ ಖಾತ್ರಿಯಾಗಿರುತ್ತದೆ.

ರಾಡ್ನಿಗೆ ಆ ಖಾತ್ರಿ ಎಲ್ಲಿಂದ ಬಂತೋ. ಅವನೇನು ಆಟಗಾರನಲ್ಲ. ಶಾಲೆಯಲ್ಲಿದ್ದಾಗ ಬೇಸ್‌ಬಾಲ್ ತಂಡದಲ್ಲಿ ಹೆಸರಿತ್ತು, ಬೆಂಚಿನ ಮೇಲೆ ಜಾಗವಿತ್ತು, ಅಷ್ಟೆ. ಸೂರ್ಯಕಾಂತಿ ಬೀಜ ಜಗಿದು ಸಿಪ್ಪೆ ಉಗುಳುವುದರಲ್ಲಿ ಮಾತ್ರ ತಂಡದಲ್ಲಿ ಅವನನ್ನು ಮೀರಿಸುವವರಿರಲಿಲ್ಲ.

ಆದರೂ ಒಂದು ಒಳ್ಳೆಯ ಕೆಲಸ ಅವನು ಮಾಡಿದ್ದ. ಟೆಸ್ಸಾ ಏಳು ವರ್ಷದವಳಿದ್ದಾಗಿನಿಂದ ದಿನಾ ಸಂಜೆ ಹಿತ್ತಲಲ್ಲಿ ಬಿಳಿ ಬಕೆಟೊಂದನ್ನು ಬೋರಲು ಹಾಕಿ, ಮೇಲೊಂದು ಮೆತ್ತೆ ಇಟ್ಟು, ಅದರ ಮೇಲೆ ಗ್ಲೌಸ್ ಹಿಡಿದು ಕೂರುತ್ತಿದ್ದ. ಮಗಳು ಕೈಯನ್ನು ಗಿರಗಿಟ್ಲೆಯಂತೆ ಸುತ್ತಿ ಸೊಂಟದ ಮಟ್ಟದಿಂದ ಚೆಂಡು ಎಸೆಯಬೇಕು, ಇವನು ಹಿಡಿಯಬೇಕು. ಚೆಂಡು ಸ್ವಲ್ಪ ಜೋರಾಗಿ ಬಂದರೆ ರಾಡ್ನಿ "ಅಯ್ಯೋ ಸತ್ತೆ!" ಎಂದು ಬಕೆಟ್ಟಿನಿಂದ ಹಿಂದಕ್ಕೆ ಉರುಳಿ ಹುಲ್ಲಿನ ಮೇಲೆ ಕಾಲು ಮೇಲೆ ಮಾಡಿ ಬೀಳುತ್ತಿದ್ದ. ಟೆಸ್ಸಾ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಅಪ್ಪನನ್ನು ಬೀಳಿಸುವುದಕ್ಕೆಂದೇ ಅವಳು ಜೋರಾಗಿ ಎಸೆಯುವುದನ್ನು ಕಲಿತಳು. ಆ ಹೊತ್ತಿಗಾಗಿ ಇಬ್ಬರೂ ಇಡೀ ದಿನ ಕಾಯುತ್ತಿದ್ದರು. ಅದೊಂದನ್ನು ಉಳಿಸಿಕೊಂಡಿದ್ದರೆ ಸಾಕಿತ್ತು, ಈ ಕಥೆ ಹೇಳುವ ಅಗತ್ಯವೇ ಬರುತ್ತಿರಲಿಲ್ಲ.

ಟೆಸ್ಸಾ ಹತ್ತರ ವಿಭಾಗದಲ್ಲಿ ಗ್ವೆನ್ ಡಿಂಕೆಲ್ ತರಬೇತು ಕೊಡುತ್ತಿದ್ದ ತಂಡದಲ್ಲಿ ಚೆಂಡು ಎಸೆಯುವ ಪಿಚರ್ ಆದಳು. ಅವಳ ಜೀವದ ಗೆಳತಿ ನೋರಾ ಬ್ಯಾಟಿನವಳ ಹಿಂದೆ ಬಗ್ಗಿ ಕೂತು ಆ ಚೆಂಡು ಹಿಡಿಯುವ ಕ್ಯಾಚರ್. ಚೆನ್ನಾಗಿ ಆಡಿದರು, ಕೆಲವು ಸಲ ಗೆದ್ದರು, ಸೋತ ದಿನವೂ ಐಸ್‌ಕ್ರೀಮ್ ತಿಂದರು. ಅಷ್ಟರಲ್ಲಿ ಒಂದು ಶನಿವಾರ ಡೇರೆಯ ನೆರಳಲ್ಲಿ ಯಾವನೋ ಪರವೂರಿನವನು ರಾಡ್ನಿಯ ಪಕ್ಕ ಕೂತು, "ನನ್ ಮಗಳು ಒಂಬತ್ತಕ್ಕೇ ಹನ್ನೆರಡರಲ್ಲಿ ಆಡಿದ್ಲಪ್ಪ. ನಿನ್ನೋಳು ಇನ್ನೂ ಹತ್ತರಲ್ಲೇ ಇದಾಳಾ?" ಎಂದುಬಿಟ್ಟ. ಆ "ಇನ್ನೂ" ರಾಡ್ನಿಯ ಮೈಗೆ ಮೆಣಸಿನಪುಡಿಯಂತೆ ಹತ್ತಿಕೊಂಡಿತು.

ಮುಂದಿನ ವಾರವೇ ಅವನು ತನ್ನಂಥ ನಾಲ್ಕಾರು ಅಪ್ಪಂದಿರನ್ನು ಗುಡ್ಡೆ ಹಾಕಿ ಹೊಸ ತಂಡ ಕಟ್ಟಿದ. ಹೆಸರು ಪ್ರೇರೀ ಥಂಡರ್. ಹುಡುಗಿಯರೆಲ್ಲ ಒಂಬತ್ತು, ಹತ್ತರವರು, ಆಡುವುದು ಮಾತ್ರ ಹನ್ನೆರಡರ ವಿಭಾಗದಲ್ಲಿ. ಕೋಚ್ ಯಾರು ಎಂದು ಕೇಳಬೇಕಾಗಿಲ್ಲ.

ಗ್ವೆನ್ ಶಾಲೆಯಲ್ಲಿ ವ್ಯಾಯಾಮದ ಟೀಚರಮ್ಮ ಆಗಿದ್ದವರು, ರಾಡ್ನಿಗೂ ಪಾಠ ಹೇಳಿದವರು. ದಿನಸಿ ಅಂಗಡಿಯ ಬಾಗಿಲಲ್ಲೇ ಅವನನ್ನು ಹಿಡಿದರು.

"ಏನೋ ರಾಡ್ನಿ, ಕೂಸನ್ನ ಹನ್ನೆರಡಕ್ಕೆ ಹಾಕ್ತಿದೀಯಂತೆ?"

"ಅವಳಿಗೆ ಇಲ್ಲಿ ಸವಾಲೇ ಇಲ್ಲ ಮೇಡಂ."

"ಸವಾಲು ಯಾಕೋ? ನಗ್ತಾ ನಗ್ತಾ ಆಡ್ತಿದಾಳಲ್ಲ, ಅದು ಸಾಲ್ದಾ?"

"ನಗು ಎಲ್ಲಿ ಬೇಕಾದ್ರೂ ಸಿಗುತ್ತೆ ಬಿಡಿ."

"ಸಿಗುತ್ತಾ? ನೀನು ಬೆಂಚ್ ಮೇಲೆ ಕೂತಿದ್ದಾಗ ನಿನ್ ಮುಖದಲ್ಲಂತೂ ನಾನು ಕಾಣ್ಲಿಲ್ಲ." ಗ್ವೆನ್ ತಮ್ಮ ಅಂಗೈ ಬಿಡಿಸಿ ತೋರಿಸಿದರು. "ಅವಳ ಕೈ ನೋಡಿದೀಯಾ? ಇಷ್ಟೇ ಇಷ್ಟು. ಅಲ್ಲಿ ಚೆಂಡೂ ದೊಡ್ಡದು, ಎಸೆಯೋ ಗೆರೇನೂ ದೂರ. ಬೆರಳು ಸುತ್ತಕ್ಕೆ ಬರಲ್ಲ ಕಣೋ."

"ಬೆಳೀತಾಳೆ ಮೇಡಂ."

"ಬೆಳೀಲಿ. ಆಮೇಲೆ ಹಾಕು. ಯಾರು ಬೇಡ ಅಂದ್ರು?"

ರಾಡ್ನಿ ಬ್ರೆಡ್ಡನ್ನು ಕಂಕುಳಲ್ಲಿಟ್ಟುಕೊಂಡು ಹೊರಟುಹೋದ. ಮುದುಕಿಗೆ ಹೊಟ್ಟೆಕಿಚ್ಚು ಎಂದು ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡ. ಮನೆಯಲ್ಲಿ ಹೆಂಡತಿ ಶೆಲ್ಬಿ ಬೀರಾಕ್ ಎಂಬ ಮಾಂಸ-ಕೋಸಿನ ಬನ್ನು ಮಾಡಲು ಎಲೆಕೋಸು ಹೆಚ್ಚುತ್ತಿದ್ದವಳು ಚಾಕು ನಿಲ್ಲಿಸಿ ಕೇಳಿದಳು:

"ಟೆಸ್ಸಾನ ಕೇಳಿದ್ಯಾ?"

"ಕೇಳ್ದೆ. ಸರಿ ಅಂದ್ಲು."

"ಏನಂತ ಕೇಳ್ದೆ?"

"ಭಯ ಆಗುತ್ತಾ ಅಂತ. ಇಲ್ಲ ಅಂದ್ಲು."

"ಆಹಾ, ಏನು ಕೇಳೋ ಚೆಂದ! ನೀನು ಹಾಗೆ ಕೇಳಿದ್ರೆ ಹೌದು ಅನ್ನೋಕೆ ಅವಳಿಗೆ ಹುಚ್ಚಾ?"

ರಾಡ್ನಿ ಹಸಿ ಎಲೆಕೋಸನ್ನೇ ಒಂದು ಹಿಡಿ ಬಾಯಿಗೆ ಹಾಕಿಕೊಂಡ.

ಥಂಡರ್ ತಂಡ ಗುಡುಗಿದ್ದು ಅಂಗಿಯ ಮೇಲೆ ಮಾತ್ರ. ಎದುರಿನ ಹುಡುಗಿಯರಲ್ಲಿ ಕೆಲವರು ಇವರ ಅಮ್ಮಂದಿರಷ್ಟು ಎತ್ತರವಿದ್ದರು. ಟೆಸ್ಸಾ ಆ ದೊಡ್ಡ ಚೆಂಡನ್ನು ಬೆರಳಲ್ಲಿ ಹಿಡಿಯಲಾರದೆ ಅಂಗೈಯಲ್ಲಿಟ್ಟು ತಳ್ಳತೊಡಗಿದಳು. ಚೆಂಡು ಒಮ್ಮೆ ನೆಲಕ್ಕೆ, ಒಮ್ಮೆ ಬೇಲಿಗೆ. ತಪ್ಪು ಎಸೆತ ನಾಲ್ಕಾದರೆ ಬ್ಯಾಟ್ ಹಿಡಿದವಳು ಪುಕ್ಕಟೆಯಾಗಿ ಮೊದಲ ಬೇಸ್ ಎಂಬ ಗುರುತಿನ ತನಕ ನಡೆದುಹೋಗುತ್ತಾಳೆ. ಟೆಸ್ಸಾ ಎದುರು ತಂಡದವರನ್ನೆಲ್ಲ ಸಾಲುಗಟ್ಟಿ ನಡೆಸಿದಳು. ಅಂತರ ತೀರಾ ಹೆಚ್ಚಾದರೆ ಪಾಪ ಎಂದು ಆಟವನ್ನು ಅರ್ಧಕ್ಕೇ ನಿಲ್ಲಿಸುವ ಪದ್ಧತಿಯಿದೆ. ಥಂಡರಿನ ಆಟ ಪೂರ್ತಿ ನಡೆದದ್ದನ್ನು ಕಂಡವರೇ ಕಡಿಮೆ.

"ಸೋತ್ವಿ, ಒಪ್ಕೋತೀನಿ" ಎನ್ನುತ್ತಿದ್ದ ರಾಡ್ನಿ, ಡೇರೆಯ ಕೆಳಗೆ ಬೀಜ ಉಗುಳುತ್ತ. "ಆದ್ರೆ ಎಂಥೋರ ಕೈಲಿ ಸೋತ್ವಿ ನೋಡು ಮಾರಾಯ!"

ಉಳಿದ ಅಪ್ಪಂದಿರು ಗಂಭೀರವಾಗಿ ತಲೆಯಾಡಿಸುತ್ತಿದ್ದರು. ಒಬ್ಬನಿಗಾದರೂ ನಾಚಿಕೆಯೆಂಬುದು ಇದ್ದರೆ ಕೇಳಿ.

ಸಂಜೆಯ ಹಿತ್ತಲೂ ಬದಲಾಯಿತು. ರಾಡ್ನಿ ಬಕೆಟ್ಟಿನ ಮೇಲೆ ಕೂರುತ್ತಿದ್ದ, ಆದರೆ ಬೀಳುವುದನ್ನು ಬಿಟ್ಟ. "ಮೊಣಕೈ ಒಳಗೆ! ಸೊಂಟ ತಿರುಗಿಸು! ಇನ್ನೊಂದ್ಸಲ!" ಎಂಬುದಷ್ಟೇ ಬೇಲಿಯಾಚೆ ಕೇಳಿಸುತ್ತಿತ್ತು. ಟೆಸ್ಸಾಳ ಭುಜ ನೋಯತೊಡಗಿತ್ತು. ಹೇಳಿದರೆ ಅಪ್ಪನ ಮುಖ ಬಾಡುತ್ತದೆಂದು ಅವಳು ಅಮ್ಮನಿಂದ ಐಸ್ ಚೀಲ ಇಸಿದುಕೊಂಡು ಕೋಣೆ ಸೇರುತ್ತಿದ್ದಳು. ಒಮ್ಮೆ ಬೇಕೆಂದೇ ಇದ್ದ ಶಕ್ತಿಯೆಲ್ಲ ಹಾಕಿ ಜೋರಾಗಿ ಎಸೆದು, ಕಾದು ನೋಡಿದಳು. ರಾಡ್ನಿ ಚೆಂಡು ಹಿಡಿದು, "ಪರವಾಗಿಲ್ಲ. ಇನ್ನೊಂದು" ಎಂದ.

ಜುಲೈ ಹೊತ್ತಿಗೆ ಸೋಲು ರಾಡ್ನಿಗೂ ಸಾಕಾಗಿತ್ತು. ಆದರೆ ಸಾಕಾಯಿತು ಎನ್ನುವ ಜಾತಿಯವನಲ್ಲ. ರಾಜ್ಯಮಟ್ಟದ ಪಂದ್ಯಾವಳಿ ಬರುತ್ತಿತ್ತು. ಗೆದ್ದ ತಂಡದ ಪ್ರತಿ ಹುಡುಗಿಗೂ ಹೊಳೆಯುವ ಕಲ್ಲಿನ ದಪ್ಪ ಉಂಗುರ ಕೊಡುತ್ತಾರೆ. ಲೆಕ್ಕದ ಪ್ರಕಾರ ಅವನ ಹುಡುಗಿಯರೆಲ್ಲ ಹತ್ತರವರೇ ತಾನೆ? ಸುಲಭದ ಗೆಲುವಿಗೆಂದು ಕೆಳಗಿನ ವಿಭಾಗಕ್ಕೆ ಇಳಿಯುವವರನ್ನು "ಉಂಗುರದ ಕಳ್ಳರು" ಎಂದು ಇಡೀ ಬೇಸಿಗೆ ಬೈದುಕೊಂಡು ತಿರುಗಿದ್ದ ಮನುಷ್ಯ, ಒಂದೇ ರಾತ್ರಿಯಲ್ಲಿ ತಂಡವನ್ನು ಹತ್ತಕ್ಕೆ ಇಳಿಸಿದ.

"ಇಳಿಯೋದಲ್ಲ ಇದು" ಎಂದು ಶೆಲ್ಬಿಗೆ ವಿವರಿಸಿದ. "ಅಲ್ಲಿ ಕಲಿತಿದ್ದನ್ನ ಇಲ್ಲಿ ತೋರಿಸೋದು."

"ಏನು ಕಲಿತ್ರು?"

"ಗಟ್ಟಿಯಾದ್ರು."

"ಯಾರು, ಮಕ್ಕಳಾ? ನಿನ್ ಚರ್ಮವಾ?" ಎಂದಳು ಶೆಲ್ಬಿ.

ಒಂದು ಮಾತು ಒಪ್ಪಬೇಕು, ಹತ್ತರಲ್ಲಿ ಥಂಡರ್ ಗೆಲ್ಲುತ್ತ ಬಂತು. ದೊಡ್ಡವರ ಎಸೆತ ಕಂಡು ಬಂದ ಹುಡುಗಿಯರಿಗೆ ಚಿಕ್ಕವರ ಎಸೆತ ಮೆಲ್ಲಗೆ ಕಂಡಿತು. ಕೊನೆಯ ಪಂದ್ಯಕ್ಕೆ ಎದುರಾದದ್ದು ಗ್ವೆನ್ ಅವರ ತಂಡ. ನೋರಾ ಬ್ಯಾಟ್ ಹಿಡಿದು ಬಂದವಳು ಗೆಳತಿಯನ್ನು ಕಂಡು ನಾಲಗೆ ಚಾಚಿ ಅಣಕಿಸಿದಳು. ಟೆಸ್ಸಾಳ ಮುಖದಲ್ಲಿ ಎಷ್ಟೋ ವಾರಗಳ ಮೇಲೆ ನಗು ಕಂಡಿತು. ರಾಡ್ನಿ ಕೂತಿದ್ದ ಬಕೆಟ್ಟಿನಿಂದ ಎದ್ದ.

"ಟೆಸ್ಸಾ! ಈಗ ಅವಳು ನಿನ್ ಫ್ರೆಂಡಲ್ಲ! ಒಳಕ್ಕೆ ಹಾಕು! ಮೈಗೆ ಹತ್ತಿರ! ಹೆದರಿಸು!"

ಮಗಳು ಅಪ್ಪನ ಕಡೆ ನೋಡಿದಳು. "ಬೇಡ ಅಪ್ಪ" ಎಂದಳು, ತುಟಿಯಷ್ಟೇ ಆಡಿತು.

"ಹಾಕು ಅಂದ್ನಲ್ಲ!"

ದೊಡ್ಡ ಚೆಂಡನ್ನು ದೂರದ ಗೆರೆಯಿಂದ ತಳ್ಳಿ ತಳ್ಳಿ ರೂಢಿಯಾಗಿದ್ದ ಕೈ ಅದು. ಸಣ್ಣ ಚೆಂಡು ಅವಳ ಹಿಡಿತಕ್ಕೆ ಇನ್ನೂ ಪೂರ್ತಿ ಮರಳಿರಲಿಲ್ಲ. ಹೇಳಿದ ಕಡೆಗೇ ಎಸೆದಳು, ಎಸೆತ ಇನ್ನೊಂದಿಷ್ಟು ಒಳಕ್ಕೆ ಹೋಯಿತು. ಚೆಂಡು ನೋರಾಳ ಪಕ್ಕೆಲುಬಿಗೆ ಬಡಿದ ಸದ್ದು ಡೇರೆಗಳವರೆಗೂ ಕೇಳಿಸಿತು. ನೋರಾ ಉಸಿರು ಸಿಕ್ಕದೆ ಮಣ್ಣಿನಲ್ಲಿ ಮುದುಡಿಕೊಂಡಳು.

ಟೆಸ್ಸಾ ಓಡಿಹೋಗಿ ಪಕ್ಕದಲ್ಲಿ ಮಂಡಿಯೂರಿದಳು. "ಸಾರಿ ಕಣೇ, ಸಾರಿ ಕಣೇ" ಎಂದು ಅಳುತ್ತ ಅವಳ ಬೆನ್ನು ಸವರುತ್ತಿದ್ದಳು. ನೋರಾಳಿಗೆ ಉಸಿರು ಬಂತು, ಅಳುವೂ ಬಂತು. ಗ್ವೆನ್ ಅವಳನ್ನು ಎಬ್ಬಿಸಿ ಕರೆದೊಯ್ದರು. ಆಗ ನಮ್ಮ ರಾಡ್ನಿ ಏನು ಹೇಳಬೇಕು?

"ಏನೂ ಆಗಿಲ್ಲ, ಏನೂ ಆಗಿಲ್ಲ! ಟೆಸ್ಸಾ, ಗೆರೆಗೆ ಹೋಗು!"

ಟೆಸ್ಸಾ ಚೆಂಡನ್ನು ಎತ್ತಿಕೊಂಡು ಅಪ್ಪನ ಹತ್ತಿರ ಬಂದಳು. ಅವನ ಅಂಗೈಯಲ್ಲಿ ಅದನ್ನಿಟ್ಟಳು.

"ನೀನೇ ಎಸಿ" ಎಂದಳು.

ಆಮೇಲೆ ಮೈದಾನ ದಾಟಿ ಗ್ವೆನ್ ಅವರ ಬೆಂಚಿಗೆ ಹೋಗಿ, ನೋರಾಳ ಪಕ್ಕೆಗೆ ಐಸ್ ಚೀಲ ಒತ್ತಿ ಹಿಡಿದು ಕೂತಳು. ಅಂಪೈರ್ ಬಂದು ಕೇಳಿದರೂ ಏಳಲಿಲ್ಲ. ರಾಡ್ನಿ ಇನ್ನೊಬ್ಬ ಹುಡುಗಿಯನ್ನು ಎಸೆಯಲು ಕಳಿಸಿದ. ಥಂಡರ್ ಗೆದ್ದಿತು. ಉಂಗುರಗಳು ಬಂದವು. ಟೆಸ್ಸಾ ತನ್ನದನ್ನು ಮುಟ್ಟದಿದ್ದಾಗ ರಾಡ್ನಿ ಅದನ್ನು ತನ್ನ ಕಿರುಬೆರಳಿಗೆ ತೂರಿಸಿಕೊಂಡ. ಮಗುವಿನ ಅಳತೆಯ ಉಂಗುರ, ಗೆಣ್ಣಿನ ಹತ್ತಿರ ಸಿಕ್ಕಿಕೊಂಡಿತು. ಅದನ್ನು ಹಾಗೇ ಮೆರೆಸಿಕೊಂಡು ಮನೆಗೆ ಬಂದ. ದಾರಿಯುದ್ದಕ್ಕೂ ಅವನೊಬ್ಬನೇ ಮಾತಾಡಿದ.

ಮರುದಿನ ಸಂಜೆ ಬಕೆಟ್ ಹಾಕಿಕೊಂಡು ಹಿತ್ತಲಲ್ಲಿ ಕೂತ. ಟೆಸ್ಸಾ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಭುಜ ನೋವಿರಬೇಕು ಎಂದು ಈಗ ಅವನಿಗೆ ಹೊಳೆಯಿತು. ರಿಪೇರಿಗೆ ಹೋದ ಮನೆಗಳಲ್ಲಿ, "ಸ್ವಲ್ಪ ವಿಶ್ರಾಂತಿ ತಗೋತಿದಾಳೆ. ಮುಂದಿನ ವರ್ಷ ನೇರ ಹದಿನಾಲ್ಕಕ್ಕೇ ಹಾಕೋಣ ಅಂತ" ಎಂದ. ಈ ಸಲ ಯಾರೂ ಕಣ್ಣರಳಿಸಲಿಲ್ಲ, ನೋರಾಳ ಪಕ್ಕೆಯ ಸುದ್ದಿ ಊರಿಗೆಲ್ಲ ತಿಳಿದಿತ್ತು. ಸ್ಕ್ರೂ ತಾನಾಗಿ ತಿರುಗಿತು.

ಒಂದು ವಾರದ ಮೇಲೆ, ಅವನು ಗ್ಲೌಸ್ ತೊಟ್ಟು ಬಕೆಟ್ಟಿನ ಮೇಲೆ ಕೂತಿದ್ದಾಗ ಹಿಂಬಾಗಿಲು ತೆರೆಯಿತು. ಟೆಸ್ಸಾ. ಕೈಯಲ್ಲಿ ಅವಳ ಗ್ಲೌಸ್ ಇತ್ತು, ಅದರೊಳಗೆ ಹತ್ತರವರ ಸಣ್ಣ ಚೆಂಡು. ರಾಡ್ನಿಯ ಎದೆ ಹಗುರಾಯಿತು. ಮೆತ್ತೆ ಸರಿ ಮಾಡಿಕೊಂಡು, ಬೆನ್ನು ನೆಟ್ಟಗೆ ಮಾಡಿ, ಗ್ಲೌಸ್ ಬಿಡಿಸಿ ಹಿಡಿದ. ಇವತ್ತು ಬಿದ್ದೇಬಿಡುತ್ತೇನೆ, ಚೆಂಡು ಮೆಲ್ಲಗೆ ಬಂದರೂ ಬೀಳುತ್ತೇನೆ ಎಂದುಕೊಂಡ.

ಅವಳು ಹತ್ತಿರ ಬಂದು ನಿಂತಳು.

"ಅಪ್ಪ, ಸ್ವಲ್ಪ ಏಳು. ಬಕೆಟ್ ಬೇಕು."

"ಯಾಕೆ ಪುಟ್ಟಿ?"

"ನೋರಾ ಮನೆಗೆ. ಅವಳಿಗಿನ್ನೂ ಪಕ್ಕೆ ನೋವು, ಬಗ್ಗಕ್ಕಾಗಲ್ಲ. ಅವರಪ್ಪ ಕೂತ್ಕೋತಾರಂತೆ, ನಾನು ಎಸೀತೀನಿ."

ನೋರಾಳ ಅಪ್ಪ ಅಂಚೆ ಕಚೇರಿಯಲ್ಲಿದ್ದವನು, ಹುಟ್ಟಿದಾರಭ್ಯ ಚೆಂಡು ಮುಟ್ಟಿದವನಲ್ಲ. ರಾಡ್ನಿಗೆ ತಡೆಯಲಾಗಲಿಲ್ಲ.

"ಅವನಿಗೆ ಹಿಡಿಯೋಕೆ ಬರುತ್ತಾ?"

"ಇಲ್ಲ" ಎಂದಳು ಟೆಸ್ಸಾ. ಹೇಳುವಾಗಲೇ ಅವಳಿಗೆ ನಗು ಬಂದಿತ್ತು. "ಬಿದ್ದುಹೋಗ್ತಾರೆ."

ರಾಡ್ನಿ ಎದ್ದು ನಿಂತು ಮೆತ್ತೆಯ ಸಮೇತ ಬಕೆಟ್ ಕೊಟ್ಟ.